ಅಜ್ಜಿಯ ಬೀಟೆ ಬೀರು ಬಂದ ಮೇಲೆ ಹಾಲ್ ಒಂದೇ ಕಡೆ ವಾಲಿದಂಗಿದೆ, ಏನ್ಮಾಡ್ಲಿ?

ತುಂಗಾತೀರ | ಶನಿವಾರ, ಬೆಳಗ್ಗೆ 9:12

ನಮಸ್ಕಾರ ಎಲ್ರಿಗೂ. ಎರಡು ವಾರದಿಂದ ತಲೆ ತಿಂತಿರೋ ವಿಷಯ, ನಗಬೇಡಿ.

ತೀರ್ಥಹಳ್ಳಿ ಕಡೆ ನಮ್ಮ ಅಜ್ಜಿ ಮನೆ ಪಾಲಾಯ್ತು. ಉಳಿದವರು ಹಂಡೆ, ಕೊಪ್ಪರಿಗೆ ಅಂತ ನೋಡ್ತಿದ್ರೆ ನಾನು ಬೀಟೆ ಮರದ ಬೀರು ಕೇಳಿ ತಗೊಂಡೆ. ಆರೂವರೆ ಅಡಿ ಎತ್ತರ, ನಾಲ್ಕಡಿ ಅಗಲ, ಹೆಚ್ಚುಕಮ್ಮಿ ಕಪ್ಪು. ಬೆಂಗಳೂರಿನ ಫ್ಲ್ಯಾಟಿಗೆ ತರಿಸಿದ್ದೂ ಆಯ್ತು. ಸರ್ವಿಸ್ ಲಿಫ್ಟಿಗೆ ಹಿಡಿಸದೆ ನಾಲ್ಕು ಮಹಡಿ ಮೆಟ್ಟಿಲಲ್ಲಿ ಹೊತ್ತ ಆ ನಾಲ್ಕು ಜನರ ಮುಖ ಇನ್ನೂ ಕಣ್ಣ ಮುಂದಿದೆ.

ಹಾಲ್ 18 ಅಡಿ ಉದ್ದ, 11 ಅಡಿ ಅಗಲ. ಮುಂಬಾಗಿಲು ಪಶ್ಚಿಮದಲ್ಲಿ, ಎದುರು ಪೂರ್ವದ ತುದಿಗೆ ಬಾಲ್ಕನಿ. ಒಳಗೆ ಬಂದ್ರೆ ಎಡಗಡೆ ಗೋಡೆಗೆ ಏಳಡಿ ಸೋಫಾ, ಬಿಸ್ಕತ್ತಿನ ಬಣ್ಣ. ಬಲಗಡೆ 55 ಇಂಚಿನ ಟಿವಿ, ಅದರ ಪಕ್ಕ ಬಾಲ್ಕನಿ ಮೂಲೆಯಲ್ಲಿ ಈ ಬೀರು. ನೆಲ ಬಿಳಿ ವಿಟ್ರಿಫೈಡ್ ಟೈಲ್ಸ್, ಗೋಡೆ ಕೆನೆ ಬಣ್ಣ.

ಬಾಗಿಲು ತೆಗೆದು ಒಳಗೆ ಕಾಲಿಟ್ಟ ಕೂಡಲೇ ಇಡೀ ಹಾಲ್ ಬಲಕ್ಕೆ ವಾಲಿದ ಹಾಗೆ ಅನ್ಸುತ್ತೆ. ದೋಣಿಯಲ್ಲಿ ಎಲ್ರೂ ಒಂದೇ ಕಡೆ ಕೂತ್ರೆ ಆಗುತ್ತಲ್ಲ, ಹಾಗೆ. ನಮ್ಮನೆಯವರಿಗೂ ಹಾಗೇ ಅನ್ಸಿದೆಯಂತೆ, ಆದ್ರೆ ಅವರ ಪರಿಹಾರ ಓಎಲ್‌ಎಕ್ಸ್. ಇಂಟೀರಿಯರ್‌ನವರೊಬ್ಬರನ್ನ ಕರೆಸಿದ್ವಿ, ಸೋಫಾ ಹಿಂದಿನ ಗೋಡೆಗೆ ಪೂರ್ತಿ ಮರದ ಪಟ್ಟಿ ಪ್ಯಾನೆಲಿಂಗ್ ಮಾಡಿದ್ರೆ "ಬ್ಯಾಲೆನ್ಸ್" ಆಗುತ್ತೆ ಅಂತ ಒಂದು ಲಕ್ಷದ ಮೇಲೆ ಕೊಟೇಶನ್ ಕೊಟ್ರು. ಬೀರು ಬಂದಿದ್ದು ಪುಕ್ಕಟೆ, ಅದನ್ನ ಸಮಾಧಾನ ಮಾಡೋಕೆ ಲಕ್ಷವಾ?

ಫೋಟೋ ಮೂರು ಹಾಕಿದೀನಿ.

ಬಾಡಿಗೆಮನೆ | ಶನಿವಾರ, 9:40

ಬೀರುಗೆ ಬಿಳಿ ಚಾಕ್ ಪೇಂಟ್ ಹೊಡೀರಿ. ಎರಡು ಕೋಟ್. ಮುಗೀತು.

ಗರಗಸ | ಶನಿವಾರ, 9:44

ಮೇಲಿನವರ ಕಾಮೆಂಟನ್ನ ಅಡ್ಮಿನ್ ದಯವಿಟ್ಟು ತೆಗೀಬೇಕು.

ಮೂವತ್ತು ವರ್ಷದಿಂದ ಮರಗೆಲಸ ಮಾಡ್ತಿದೀನಿ. ಒಳ್ಳೆ ಬೀಟೆ ಹಲಗೆ ಈಗ ಕೈಗೆ ಸಿಗೋದೇ ಅಪರೂಪ. ಅದಕ್ಕೆ ಬಿಳಿ ಬಣ್ಣ ಬಳಿಯೋದು, ಪಾಯಸಕ್ಕೆ ಸಾಸಿವೆ ಒಗ್ಗರಣೆ ಹಾಕೋದು ಎರಡೂ ಒಂದೇ.

ವಾಸ್ತುಪ್ರಿಯ | ಶನಿವಾರ, 10:05

ಭಾರ ಆಗ್ನೇಯದಲ್ಲಿದೆ. ತೆಗೆದು ನೈರುತ್ಯಕ್ಕೆ ಹಾಕಿ. ಇಷ್ಟೇ.

ಬಾಡಿಗೆಮನೆ | ಶನಿವಾರ, 10:07

ಬಂದ್ರಪ್ಪ. ಅವರು ಕೇಳಿದ್ದು ಕಣ್ಣಿಗೆ ವಾಲೋದರ ಬಗ್ಗೆ ಸ್ವಾಮಿ, ಗ್ರಹಚಾರದ ಬಗ್ಗೆ ಅಲ್ಲ.

ಕಂಬತೊಲೆ | ಶನಿವಾರ, 11:30

ಆರ್ಕಿಟೆಕ್ಟ್ ನಾನು. ಫೋಟೋ ನೋಡಿದೆ. ಪ್ಯಾನೆಲಿಂಗ್ ಬೇಡ, ಪೇಂಟೂ ಬೇಡ, ಸ್ವಲ್ಪ ತಾಳಿ.

ಕಣ್ಣಿಗೆ ಕಾಣೋ ತೂಕಕ್ಕೂ ತಕ್ಕಡಿ ತೋರಿಸೋ ತೂಕಕ್ಕೂ ಸಂಬಂಧ ಕಮ್ಮಿ. ನಿಮ್ಮ ಟಿವಿ ಒಬ್ಬರೇ ಎತ್ತೋ ಅಷ್ಟು ಹಗುರ, ಆದ್ರೆ ಆಫ್ ಆಗಿದ್ದಾಗ ಅದು ನಾಲ್ಕಡಿ ಅಗಲದ ಕರಿ ಹೊಂಡ. ಸೋಫಾ ನಿಜವಾಗಿ ಟಿವಿಗಿಂತ ಎಷ್ಟೋ ಪಟ್ಟು ಭಾರ, ಆದ್ರೆ ಗೋಡೆಯದೇ ಬಣ್ಣ ಆದ್ದರಿಂದ ಕಣ್ಣಿಗೆ ಅಲ್ಲಿ ಏನೂ ಇಲ್ಲ. ಬಣ್ಣ ಗಾಢವಾದಷ್ಟೂ, ಎತ್ತರ ಹೆಚ್ಚಿದಷ್ಟೂ, ಕೆತ್ತನೆ ಕುಸುರಿ ಇದ್ದಷ್ಟೂ, ಸುತ್ತ ಖಾಲಿ ಜಾಗ ಇದ್ದಷ್ಟೂ ವಸ್ತು ಕಣ್ಣನ್ನ ಎಳೀತದೆ. ಬೀರುವಿನಲ್ಲಿ ಇದೆಲ್ಲಾ ಇದೆ, ಪಕ್ಕದಲ್ಲೇ ಟಿವಿ ಬೇರೆ. ಎರಡು ಕರಿ ವಸ್ತು ಒಂದೇ ಗೋಡೆಗೆ ಒತ್ತಿಕೊಂಡು ನಿಂತಿವೆ.

ಒಂದು ಪರೀಕ್ಷೆ ಮಾಡಿ. ಬಾಗಿಲಲ್ಲಿ ನಿಂತು ಫೋಟೋ ತೆಗೆದು ಮೊಬೈಲಲ್ಲೇ ಕಪ್ಪುಬಿಳುಪು ಮಾಡಿ. ಆಮೇಲೆ ಎಡಬಲ ತಿರುಗಿಸಿ. ದಿನಾ ನೋಡಿ ಅಭ್ಯಾಸವಾದ ಕಣ್ಣು ತಪ್ಪು ಹಿಡಿಯಲ್ಲ, ತಿರುಗಿಸಿದ ಚಿತ್ರ ಬೇರೆಯವರ ಮನೆ ಥರ ಕಾಣುತ್ತೆ, ಆಗ ಹಿಡಿಯುತ್ತೆ.

ಸಮತೋಲ ಅಂದ್ರೆ ಎರಡೂ ಕಡೆ ಒಂದೇ ಥರ ಇಡೋದು ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಹಳ್ಳಿಯಲ್ಲಿ ಏತ ನೋಡಿದೀರಾ? ಬಾವಿ ಕಡೆ ಉದ್ದನೆಯ ತುದಿಗೆ ಒಂದು ಬಾನಿ, ಈ ಕಡೆ ಗಿಡ್ಡ ತುದಿಗೆ ದಪ್ಪ ಕಲ್ಲು. ಎರಡೂ ಕಡೆ ಕಲ್ಲು ಕಟ್ಟಿದ್ರೆ ನೀರೇ ಬರಲ್ಲ. ದೊಡ್ಡದು ನಡುವಿಗೆ ಹತ್ತಿರ, ಸಣ್ಣದು ದೂರ, ಆಗ ತೂಗುತ್ತೆ. ನಿಮ್ಮ ಬೀರುಗೆ ಎದುರಾಗಿ ಇನ್ನೊಂದು ಬೀರು ಬೇಡ. ಸೋಫಾ ಕಡೆ ಬಾಗಿಲ ಹತ್ತಿರದ ತುದಿಯಲ್ಲಿ ಸಣ್ಣ ಗಾಢ ವಸ್ತುಗಳ ಒಂದು ಗುಂಪು ಮಾಡಿ ನೋಡಿ. ಮೊದಲು ಮನೆಯಲ್ಲಿರೋದನ್ನೇ ಬಳಸಿ.

ಪಟ್ಟದಗೊಂಬೆ | ಶನಿವಾರ, ಮಧ್ಯಾಹ್ನ 12:15

ನಮ್ಮಜ್ಜಿ ದಸರೆ ಗೊಂಬೆ ಕೂರಿಸುವಾಗ ಮಾಡ್ತಿದ್ದದ್ದು ಇದೇ ಅಂತ ಈಗ ಹೊಳೀತಿದೆ. ಮೇಲಿನ ಮೆಟ್ಟಿಲ ನಡುವೆ ರಾಜ-ರಾಣಿ, ಆಚೀಚೆ ಕಳಶ, ಅಲ್ಲಿ ಲೆಕ್ಕ ಕಟ್ಟುನಿಟ್ಟು. ಕೆಳಗಿನ ಮೆಟ್ಟಿಲಿಗೆ ಬಂದ್ರೆ ಸ್ವಾತಂತ್ರ್ಯ. ಈ ಕಡೆ ಒಂದು ದೊಡ್ಡ ಶೆಟ್ಟಿ ಗೊಂಬೆ, ಆ ಕಡೆ ಚನ್ನಪಟ್ಟಣದ ಪುಟಾಣಿ ಆಟಿಕೆ ಎಂಟು ಹತ್ತು. "ಶೆಟ್ಟರಿಗೆ ಇವಿಷ್ಟೂ ಸೇರಿ ಸಮ" ಅನ್ನೋರು. ಇಟ್ಟಾದ ಮೇಲೆ ಹೊಸಿಲ ತನಕ ಹಿಂದೆ ಹೋಗಿ, ಕಣ್ಣು ಕಿರಿದು ಮಾಡಿ ನೋಡಿ, ಬಂದು ಒಂದನ್ನ ಎರಡು ಇಂಚು ಸರಿಸೋರು. ನಮಗೆ ಸರಿಸಿದ್ದು ಗೊತ್ತೇ ಆಗ್ತಿರಲಿಲ್ಲ.

ತುಂಗಾತೀರ | ಭಾನುವಾರ, ಸಂಜೆ 6:50

ಕಪ್ಪುಬಿಳುಪು ಫೋಟೋ ಮಾಡಿದೆ. ಅಯ್ಯೋ. ಎಡಗಡೆ ಸೋಫಾ ಇದೆ ಅಂತಲೇ ಗೊತ್ತಾಗಲ್ಲ, ಬಲಗಡೆ ಟಿವಿ ಎಲ್ಲಿ ಮುಗೀತು ಬೀರು ಎಲ್ಲಿ ಶುರುವಾಯ್ತು ಅನ್ನೋದೂ ಗೊತ್ತಾಗಲ್ಲ.

ಕಂಬತೊಲೆಯವರು ಹೇಳಿದ ಹಾಗೆ ಸೋಫಾ ಕಡೆ ಗುಂಪು ಮಾಡಿದೆ. ಕಡುಕೆಂಪು ದಿಂಬು, ಮದುವೆಗೆ ಬಂದ ಬಿದರಿ ಹೂಜಿ, ಕಪ್ಪು ಚೌಕಟ್ಟಿನ ಐದು ಫೋಟೋ, ಮೂಲೆಗೆ ಗಾಢ ಹಸಿರಿನ ಕುಂಡ. ವಾಲೋದು ನಿಂತಿದೆ, ನಿಜ. ಆದ್ರೆ ಈಗ ಎರಡೂ ಕಡೆ ಕತ್ತಲೆ, ನಡುವೆ ಬಾಲ್ಕನಿ ಸುರಂಗದ ಬಾಯಿ ಥರ ಕಾಣ್ತಿದೆ. ನಮ್ಮನೆಯವರು "ಗುಹೆಗೆ ಸ್ವಾಗತ" ಅಂದ್ರು.

ಫೋಟೋಗಳನ್ನ ತೀರಾ ಮೇಲೆ ಹೊಡೆದುಬಿಟ್ಟಿದೀನಿ ಅಂತಲೂ ಅನುಮಾನ.

ಕಂಬತೊಲೆ | ಭಾನುವಾರ, 7:20

ಹೌದು, ಸೂರು ಮುಟ್ಟೋ ಹಾಗಿವೆ. ನಮ್ಮಲ್ಲಿ ಫೋಟೋ ಅಂದ್ರೆ ಕತ್ತೆತ್ತಿ ಕೈಮುಗಿಯೋ ಎತ್ತರದಲ್ಲೇ ಇರಬೇಕು ಅನ್ನೋ ರೂಢಿ. ದೇವರ ಪಟಕ್ಕೆ, ಹಿರಿಯರ ಪಟಕ್ಕೆ ಅದು ಸರಿ. ಉಳಿದ ಚಿತ್ರಗಳ ನಡುಭಾಗ ನೆಲದಿಂದ 57ರಿಂದ 60 ಇಂಚಿಗೆ ಬಂದ್ರೆ ನಿಂತವರ ಕಣ್ಣಿಗೆ ನೇರ. ಸೋಫಾ ಮೇಲಾದ್ರೆ ಬೆನ್ನಿನಿಂದ 6-8 ಇಂಚು ಬಿಟ್ಟು ಶುರು ಮಾಡಿ. ಗುಂಪಿನ ಒಟ್ಟು ಅಗಲ ಸೋಫಾದ ಮೂರರಲ್ಲಿ ಎರಡು ಪಾಲು, ಅಂದ್ರೆ ನಿಮ್ಮ ಏಳಡಿಗೆ ಹತ್ತಿರ ಹತ್ತಿರ 56 ಇಂಚು.

ಗುಹೆ ಆಗಿದ್ದು ನನ್ನ ತಪ್ಪು. ಫೋಟೋ ನೋಡಿ ಹೇಳಿದ್ದು, ಬೆಳಕಿನ ಬಗ್ಗೆ ಯೋಚನೆ ಮಾಡಲಿಲ್ಲ.

ಧಾರವಾಡದಾಂವ | ಭಾನುವಾರ, ರಾತ್ರಿ 8:02

ಅಕ್ಕಾರ, ಗ್ವಾಡಿ ಗ್ವಾಡಿ ಅಂತ ಎಲ್ಲಾರೂ ಗ್ವಾಡಿ ನೋಡಾಕತ್ತೀರಿ, ನೆಲಾ ಯಾರೂ ನೋಡವಲ್ರಿ. ಬಿಳಿ ಟೈಲ್ಸ್ ಹಾಲಿನಂಗ ಹೊಳೀತೈತಿ. ಅದರ ಮ್ಯಾಲೆ ಕರಿ ಬೀರು ಇಟ್ರ ಕತ್ರಿಲೆ ಕತ್ತರಿಸಿ ಅಂಟಿಸಿದಂಗ ಕಾಣತೈತಿ. ನಿಮ್ಮ ಅಜ್ಜಿ ಮನ್ಯಾಗ ನೆಲಾ ಯಾವ ಬಣ್ಣ ಇತ್ತು? ಗಾರಿ ನೆಲಾ, ಕೆಂಪಂದು ಇಲ್ಲಾ ಕರೀದು, ಹೌದಲ್ರಿ? ಅಲ್ಲಿ ಬೀರು ನೆಲದಾಗಿಂದ ಎದ್ದು ಬಂದಂಗ ಇತ್ತು.

ನಡುವ ಒಂದು ನವಲಗುಂದ ಜಮಖಾನ ಹಾಸ್ರಿ. ಅಲ್ಲಿ ಮುಸ್ಲಿಂ ಮನೆತನದ ಹೆಣ್ಮಕ್ಕಳು ನೇಯ್ತಾರ, ನಿಂತ ಮಗ್ಗದಾಗ. ಪಗಡಿ ಆಟದ ಹಾಸಿಂದು ಐತಿ, ನವಿಲಿಂದು ಐತಿ. ಕೆಂಪು, ಹಳದಿ, ಕರಿ ಎಲ್ಲಾ ಅದರಾಗ ಇರತಾವ. ಸೋಫಾದ ಮುಂದಿನ ಕಾಲು ಅದರ ಮ್ಯಾಲೆ ಬರಬೇಕು. ಸಣ್ಣದು ತಂದು ನಟ್ಟನಡುವ ಒಗದ್ರ ಸಂತ್ಯಾಗ ಕಾಯಿಪಲ್ಲೆ ಮಾರಾಕ ಹಾಸಿದಂಗ ಕಾಣತೈತಿ, ಅದು ಬ್ಯಾಡ.

ತುಂಗಾತೀರ | ಭಾನುವಾರ, 8:15

ಕರಿ ಗಾರೆ ನೆಲವೇ! ಕಾಲಿಟ್ರೆ ತಣ್ಣಗೆ. ಅಜ್ಜಿ ತೆಂಗಿನೆಣ್ಣೆ ಬಟ್ಟೆಯಲ್ಲಿ ಒರೆಸೋರು.

ಕುಡ್ಲದಹೆಂಚು | ಭಾನುವಾರ, 9:30

ಒಂದು ಪ್ರಶ್ನೆ ಉಂಟು ಮಾರಾಯ್ರೆ. ಆ ಮನೆಯಲ್ಲಿ ಬೀರು ಎಲ್ಲಿ ಇತ್ತು? ಬೆಳಕು ಯಾವ ಕಡೆಯಿಂದ ಬೀಳ್ತಿತ್ತು?

ಯಾಕೆ ಕೇಳಿದ್ದು ಅಂದ್ರೆ, ನಮ್ಮ ಊರಿನ ಹೆಂಚಿನ ಮನೆಗಳು ಒಳಗೆ ಕತ್ತಲೆಯೇ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮುಳಿಹುಲ್ಲಿನ ಮಾಡು ಹೋಗಿ ಹೆಂಚು ಬಂತು, ಆದ್ರೆ ಕತ್ತಲೆ ಹಾಗೇ ಉಳೀತು. ಅದಕ್ಕೆ ಮಾಡಿನಲ್ಲಿ ಅಲ್ಲಲ್ಲಿ ಒಂದೊಂದು ಗಾಜಿನ ಹೆಂಚು ಇಡುದು. ನಮ್ಮ ಮನೆಯ ಹಲಸಿನ ಮರದ ಪೆಟ್ಟಿಗೆ ಸರಿಯಾಗಿ ಅಂಥ ಒಂದು ಹೆಂಚಿನ ಕೆಳಗೆ ಇತ್ತು. ಹತ್ತು ಗಂಟೆಗೆ ಅದರ ಮೇಲೆ ಬೆಳಕು ಬಿದ್ರೆ ಚಿನ್ನದ ಹಾಗೆ ಕಾಣ್ತದೆ. ಮನೆ ಕೆಡವಿ ಆರ್‌ಸಿಸಿ ಮಾಡಿದ ಮೇಲೆ ಅದೇ ಪೆಟ್ಟಿಗೆಯನ್ನು ಕಿಟಕಿಯ ಪಕ್ಕ ಇಟ್ಟೆವು. ಈಗ ಕಾಣುದು ಕಿಟಕಿ ಮಾತ್ರ, ಪೆಟ್ಟಿಗೆ ಬರೀ ನೆರಳು.

ತುಂಗಾತೀರ | ಭಾನುವಾರ, 9:52

ನೀವು ಕೇಳಿದ ಮೇಲೆ ಕಣ್ಣುಮುಚ್ಚಿ ನೆನಪು ಮಾಡ್ಕೊಂಡೆ. ತೊಟ್ಟಿಗೆ, ಅಂದ್ರೆ ಮನೆ ನಡುವಿನ ತೆರೆದ ಅಂಗಳಕ್ಕೆ, ಎದುರಾಗಿ ಒಳಜಗಲಿ ಗೋಡೆಗೆ ಇತ್ತು. ಬೆಳಕು ಮುಂದಿನಿಂದ, ಪೂರ್ತಿ ಅದರ ಮೈಮೇಲೆ. ಅದು ಕಪ್ಪು ಅಂತ ನಂಗೆ ಆಗ ಯಾವತ್ತೂ ಅನ್ಸೇ ಇಲ್ಲ. ಕೆಂಪು ಕಂದು, ಒಳಗೆ ನೇರಳೆ ಗೆರೆ ಇತ್ತು. ಬೆಂಗಳೂರಿಗೆ ಬಂದ ಮೇಲೆ ಕಪ್ಪಾಯ್ತು!

ಕಂಬತೊಲೆ | ಭಾನುವಾರ, 10:10

ಕುಡ್ಲದಹೆಂಚು ಅವರಿಗೆ ನನ್ನ ಡಿಗ್ರಿ ಕೊಟ್ಟುಬಿಡ್ತೀನಿ.

ಸಿಕ್ತು ನೋಡಿ. ಈಗ ಬೀರು ಇರೋದು ಬಾಲ್ಕನಿ ಬಾಗಿಲ ಪಕ್ಕಕ್ಕೇ. ಬಾಗಿಲಿನಿಂದ ನೋಡೋ ಕಣ್ಣಿಗೆ ಪ್ರಖರ ಬೆಳಕು, ಅದಕ್ಕೆ ತಾಗಿಕೊಂಡೇ ಗಾಢ ವಸ್ತು. ಕಣ್ಣಿನ ಪಾಪೆ ಬೆಳಕಿಗೆ ತಕ್ಕಂತೆ ಕಿರಿದಾಗುತ್ತೆ, ಪಕ್ಕದ ಬೀರು ಇದ್ದದ್ದಕ್ಕಿಂತ ಕಪ್ಪಾಗುತ್ತೆ. ನೀವು ಸೋಫಾ ಕಡೆ ಎಷ್ಟು ಗಾಢ ಸೇರಿಸಿದ್ರೂ ಆ ಕಪ್ಪನ್ನ ತೂಗಿಸೋಕೆ ಹೋಗಿ ಗುಹೆಯೇ ಆಗೋದು.

ಮುಂಬಾಗಿಲ ಗೋಡೆಯಲ್ಲಿ, ಅಂದ್ರೆ ಪಶ್ಚಿಮದ ಗೋಡೆಯಲ್ಲಿ, ಎಷ್ಟು ಜಾಗ ಇದೆ? ಬಾಗಿಲು ಒಳಗೆ ಯಾವ ಕಡೆ ತೆರೆಯುತ್ತೆ?

ತುಂಗಾತೀರ | ಭಾನುವಾರ, 10:18

ಬಾಗಿಲು ಉತ್ತರದ ತುದಿಗಿದೆ, ಸೋಫಾ ಗೋಡೆ ಕಡೆಗೇ ತೆರೆಯುತ್ತೆ. ಉಳಿದದ್ದು ಏಳಡಿ ಖಾಲಿ ಗೋಡೆ. ಚಪ್ಪಲಿ ಸ್ಟ್ಯಾಂಡ್ ಇದೆ.

ಕಂಬತೊಲೆ | ಭಾನುವಾರ, 10:25

ಚಪ್ಪಲಿ ಸ್ಟ್ಯಾಂಡ್ ಹೊರಗೆ. ಬೀರು ಅಲ್ಲಿಗೆ. ಬಾಲ್ಕನಿಗೆ ಮುಖ ಮಾಡಿ ನಿಲ್ಲುತ್ತೆ, ತೊಟ್ಟಿಗೆ ಮುಖ ಮಾಡಿದ ಹಾಗೇ.

ವಾಸ್ತುಪ್ರಿಯ | ಭಾನುವಾರ, 10:26

ದಕ್ಷಿಣದ ಗೋಡೆ, ಪಶ್ಚಿಮದ ಗೋಡೆ ಸೇರೋ ಮೂಲೆಗೆ ಏನಂತಾರೆ ಗೊತ್ತಾ?

ಬಾಡಿಗೆಮನೆ | ಭಾನುವಾರ, 10:27

ಗೊತ್ತು ಗೊತ್ತು. ಮಲಗಿ.

ಗರಗಸ | ಸೋಮವಾರ, ಬೆಳಗ್ಗೆ 6:15

ಸರಿಸೋ ಮುಂಚೆ ಕೇಳಿ. ಖಾನೆ, ಡ್ರಾಯರ್ ಪೂರ್ತಿ ಖಾಲಿ ಮಾಡಿ. ಹಳೇ ಬೀರುಗಳಲ್ಲಿ ಕೆಲವಕ್ಕೆ ಮೇಲಿನ ಕೆತ್ತನೆ ಪಟ್ಟಿ ಬೇರೆ ತುಂಡು, ಮೊಳೆ ಇಲ್ಲದೆ ಮೇಲೆ ಕೂರಿಸಿರ್ತಾರೆ. ಅಲ್ಲಾಡಿಸಿ ನೋಡಿ, ಬಂದ್ರೆ ಮೊದಲು ಅದನ್ನ ಇಳಿಸಿ. ಎಳೀಬೇಡಿ. ಟೈಲ್ಸ್ ಮೇಲೆ ಎಳೆದ್ರೆ ಕಾಲಿನ ಕೂಡುಗಳು ಸಡಿಲ ಆಗ್ತವೆ, ಟೈಲ್ಸೂ ಗೀರುತ್ತೆ. ನಾಲ್ಕು ಕಾಲಿಗೆ ಹಳೇ ಕಂಬಳಿ ಮಡಚಿ ಹಾಕಿ, ಇಬ್ಬರು ತಳ್ಳಿ, ಒಬ್ಬರು ಮೇಲೆ ಹಿಡ್ಕೊಳ್ಳಿ.

ಇನ್ನೊಂದು. ಈಗಿರೋ ಜಾಗದಲ್ಲೇ ಬೀರು ಮೇಲೆ ರಸಮಟ್ಟ (ಮಟ್ಟ ನೋಡೋ ಗುಳ್ಳೆಯ ಪಟ್ಟಿ) ಇಟ್ಟು ನೋಡಿ. ನಂಗೊಂದು ಅನುಮಾನ ಇದೆ, ಆಮೇಲೆ ಹೇಳ್ತೀನಿ.

ತುಂಗಾತೀರ | ಸೋಮವಾರ, ರಾತ್ರಿ 9:05

ರಸಮಟ್ಟ ಇರಲಿಲ್ಲ, ಕೆಳಗಿನ ಫ್ಲ್ಯಾಟಲ್ಲಿ ಕೆಲಸ ಮಾಡ್ತಿರೋ ಮೇಸ್ತ್ರಿ ಕೊಟ್ರು. ಗುಳ್ಳೆ ನಡುವಿಗೆ ಬರಲೇ ಇಲ್ಲ! ಬೀರು ನಿಜವಾಗಲೂ ಬಾಲ್ಕನಿ ಕಡೆ ವಾಲಿದೆ. ಆ ಕಡೆಯ ಕಾಲು ಅರ್ಧ ಇಂಚಿನಷ್ಟು ತಗ್ಗು. ಎರಡು ವಾರ ನಾನು ಒಬ್ಬಳೇ ಹುಚ್ಚಿ ಥರ "ವಾಲಿದೆ ವಾಲಿದೆ" ಅಂತಿದ್ದೆ.

ಗರಗಸ | ಸೋಮವಾರ, 9:20

ಅದೇ ಅನುಮಾನ. ಮಳೆನೀರು ಒಳಗೆ ಬಂದ್ರೆ ಹೋಗ್ಲಿ ಅಂತ ಬಾಲ್ಕನಿ ಬಾಗಿಲ ಹತ್ರ ಕೆಲವರು ನೆಲಕ್ಕೆ ಇಳಿಜಾರು ಕೊಟ್ಟಿರ್ತಾರೆ. ಸಣ್ಣ ವಸ್ತು ಇಟ್ರೆ ಗೊತ್ತಾಗಲ್ಲ. ಆರೂವರೆ ಅಡಿ ಎತ್ತರದ್ದು ಇಟ್ರೆ ಮೇಲಿನ ತುದಿ ಗೋಡೆಯ ಗೆರೆಗೆ ಸಮ ನಿಲ್ಲಲ್ಲ. ಕಣ್ಣು ಇಂಥದ್ದನ್ನ ಕೂಡಲೇ ಹಿಡಿಯುತ್ತೆ, ಏನು ಅಂತ ಮಾತ್ರ ಹೇಳಕ್ಕಾಗಲ್ಲ.

ತುಂಗಾತೀರ | ಮುಂದಿನ ಭಾನುವಾರ, ಮಧ್ಯಾಹ್ನ 3:40

ಸರಿಸಿದ್ವಿ. ನಮ್ಮನೆಯವರು, ಅವರ ತಮ್ಮ, ವಾಚ್‌ಮನ್. ಮೇಲಿನ ಪಟ್ಟಿ ನಿಜವಾಗಲೂ ಬಿಡಿ ಬಂತು, ಹಿಂದೆ ಸೀಮೆಸುಣ್ಣದಲ್ಲಿ ಯಾರೋ "ಎಡ" ಅಂತ ಬರೆದಿದ್ದಾರೆ. ಕಂಬಳಿ ಹಾಕಿದ್ರೂ ಒಂದು ಟೈಲ್ಸ್ ಗೀರಿತು, ಅದರ ಬಗ್ಗೆ ಮನೆಯಲ್ಲಿ ಈಗ ಯಾರೂ ಮಾತಾಡ್ತಿಲ್ಲ.

ಬೆಳಗ್ಗೆ ಏಳೂವರೆಗೆ ಕಾಫಿ ಹಿಡ್ಕೊಂಡು ಬಾಲ್ಕನಿ ಕಡೆಯಿಂದ ತಿರುಗಿ ನೋಡಿದೆ. ಬಲಕ್ಕೆ ತೇಗದ ಮುಂಬಾಗಿಲು, ಎಡಕ್ಕೆ ಬೀರು. ಎರಡೂ ಹತ್ತಿರ ಹತ್ತಿರ ಒಂದೇ ಎತ್ತರ, ನಡುವೆ ಕೆನೆ ಬಣ್ಣದ ಗೋಡೆ. ಬೀರುವಿನ ಬಾಗಿಲ ಮೇಲೆ ಎಳೆ ಬಿಸಿಲು ಬಿದ್ದು ಆ ನೇರಳೆ ಗೆರೆಗಳು ವಾಪಸ್ ಬಂದಿವೆ. ಒಳಗೆ ಕಾಲಿಡೋರಿಗೆ ಮೊದಲು ಕಾಣೋದು ಬಾಲ್ಕನಿ, ಬೆಳಕು, ಅಷ್ಟೇ. ಬೀರು ಕಾಣೋದು ಸೋಫಾದಲ್ಲಿ ಕೂತ ಮೇಲೆ.

ಗುಂಪಿನಲ್ಲಿ ಬಿದರಿ ಹೂಜಿ ಒಂದನ್ನೇ ಉಳಿಸಿ, ದಿಂಬು ಕುಂಡ ಎಲ್ಲಾ ತೆಗೆದೆ. ಫೋಟೋ ಕೆಳಗಿಳಿಸಿದೆ. ಜಮಖಾನಕ್ಕೆ ಧಾರವಾಡದ ಗೆಳತಿಗೆ ಹೇಳಿದೀನಿ.

ಈಗ ಟಿವಿ ಒಂಟಿಯಾಗಿ ಕೆನೆ ಬಣ್ಣದ ಗೋಡೆ ಮೇಲೆ ಬ್ಲ್ಯಾಕ್‌ಬೋರ್ಡ್ ಥರ ನಿಂತಿದೆ. ಅದಕ್ಕೆ?

ವಾಸ್ತುಪ್ರಿಯ | ಭಾನುವಾರ, 3:44

ನೈರುತ್ಯ. ನಾನು ಒಂದೇ ಸಾಲಲ್ಲಿ ಹೇಳಿದ್ದೆ, ನೀವು ಒಂದು ವಾರ ತಗೊಂಡ್ರಿ.

ಕಂಬತೊಲೆ | ಭಾನುವಾರ, 4:10

ಒಪ್ಪಿದೆ, ಈ ಸಲ ಇಬ್ಬರ ಮೂಲೆಯೂ ಒಂದೇ ಆಯ್ತು. ಇವರ ಬಾಲ್ಕನಿ ಪಶ್ಚಿಮಕ್ಕಿದ್ದಿದ್ರೆ ನಾನು ಬೀರುವನ್ನ ಪೂರ್ವದ ಗೋಡೆಗೆ ಹಾಕಿಸ್ತಿದ್ದೆ, ಆಗ ನೀವು ಜಗಳಕ್ಕೆ ಬರ್ತಿದ್ರಿ.

ಟಿವಿಗೆ: ಅದರ ಹಿಂದಿನ ಗೋಡೆಗೆ ಮಾತ್ರ ಗಾಢ ಬಣ್ಣ, ಕಲ್ಲಿನ ಬೂದಿ ಅಥವಾ ಸುಟ್ಟ ಇಟ್ಟಿಗೆ. ಕರಿ ಆಯತ ಅದರೊಳಗೆ ಕರಗುತ್ತೆ. ಪೂರ್ತಿ ಗೋಡೆ ಬೇಡ ಅಂದ್ರೆ ಟಿವಿಗಿಂತ ಆಚೀಚೆ ಒಂದೊಂದು ಅಡಿ ಹೆಚ್ಚು ಸಾಕು. ಟಿವಿ ಅಡಿಯ ಸ್ಟ್ಯಾಂಡ್ ಟಿವಿಗಿಂತ ಅಗಲ ಇರಲಿ, ಇಲ್ಲಾಂದ್ರೆ ದೊಡ್ಡ ತಲೆಯ ಹುಡುಗನ ಥರ ಕಾಣುತ್ತೆ.

ಮತ್ತೆ ರಾತ್ರಿ ಹೊತ್ತಿನದ್ದು ಯಾರೂ ಕೇಳಿಲ್ಲ. ನಿಮ್ಮ ಟ್ಯೂಬ್‌ಲೈಟ್ 6500 ಕೆಲ್ವಿನ್ನಿನದ್ದು ಅನ್ಸುತ್ತೆ, ಫೋಟೋದಲ್ಲಿ ನೀಲಿ ಹೊಡೀತಿದೆ. ಅದು ಬೀಟೆಯ ಕೆಂಪನ್ನ ಕೊಂದುಬಿಡುತ್ತೆ. 3000 ಕೆಲ್ವಿನ್ನಿನ, ಅಂದ್ರೆ ಹಳದಿ ಛಾಯೆಯ, ಒಂದು ದೀಪ ಬೀರುವಿನ ಮುಂದೆ ಮೇಲಿನಿಂದ ಬೀಳಲಿ, ಇನ್ನೊಂದು ಸೋಫಾದ ಬಾಲ್ಕನಿ ತುದಿಗೆ. ಬೆಳಕಿಗೂ ತೂಕ ಇದೆ. ಕೋಣೆಯ ಒಂದು ಮೂಲೆ ಗಾಢವಾಗಿದ್ರೆ ಎದುರು ಮೂಲೆಯಲ್ಲಿ ಒಂದು ದೀಪ ಅದಕ್ಕೆ ಸಮ ನಿಲ್ಲುತ್ತೆ.

ಗರಗಸ | ಭಾನುವಾರ, 4:30

ಬಿಸಿಲು ನೇರ ದಿನಾ ಬಿದ್ರೆ ವರ್ಷ ಕಳೆದ ಹಾಗೆ ಮರದ ಬಣ್ಣ ಮಾಸುತ್ತೆ. ತೆಳು ಪರದೆ ಹಾಕಿ. ಬೆಳಗ್ಗೆ ಒಂದು ಗಂಟೆ ಕಾಫಿ ಕುಡಿಯೋ ತನಕ ಸರಿಸ್ಕೊಳ್ಳಿ.

ಪಟ್ಟದಗೊಂಬೆ | ಭಾನುವಾರ, 5:02

ಹಳೇ ಮೂಲೆ ಖಾಲಿ ಬಿಟ್ಟಿದೀರಾ?

ತುಂಗಾತೀರ | ಭಾನುವಾರ, 5:15

ಬಿಡೋದು ಅಂತ ನನ್ನ ಆಸೆ. ಅತ್ತೆಗೆ ಖಾಲಿ ಗೋಡೆ ನೋಡಿದ್ರೆ ಆಗಲ್ಲ, ಮೊಳೆ ಹೊಡೆದು ಬಟ್ಟೆ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ನೇತು ಹಾಕಬೇಕಂತೆ. ತಿಥಿ ನಕ್ಷತ್ರ ದೊಡ್ಡಕ್ಷರದಲ್ಲಿದೆ, ಕನ್ನಡಕ ಬೇಡ ಅಂತಾರೆ. ಬೀರು ಬಾಗಿಲ ಒಳಗಡೆ ಹಾಕೋಣ ಅಂತ ಮಾತುಕತೆ ನಡೀತಿದೆ.

ಗರಗಸ | ಭಾನುವಾರ, 5:20

ಹೊಸ ಜಾಗದಲ್ಲಿ ರಸಮಟ್ಟ ಇಟ್ರಾ?

ತುಂಗಾತೀರ | ಭಾನುವಾರ, 5:31

ಇಟ್ಟೆ. ಹಿಂದಿನ ಎಡಗಾಲು ಒಂದು ಚೂರು ಅಲ್ಲಾಡುತ್ತೆ. ಸದ್ಯಕ್ಕೆ ಪಿಜ್ಜಾ ಡಬ್ಬಿ ಹರಿದು ಮಡಚಿ ಇಟ್ಟಿದೀವಿ.

ಗರಗಸ | ಭಾನುವಾರ, 5:33

ಪಿಜ್ಜಾ ಡಬ್ಬಿ! ತೆಗೀರಿ ಅದನ್ನ, ಇರುವೆ ಬರುತ್ತೆ. ಹಲಸಿನದೋ ತೇಗದ್ದೋ ಒಂದು ಬೆಣೆ ಮಾಡಿಸಿ, ಕೆಳಗಿನ ಖಾನೆ ಖಾಲಿ ಮಾಡಿ, ಒಬ್ಬರು ಮೆಲ್ಲಗೆ ಎತ್ತಿ ಹಿಡೀಲಿ.

ತುಂಗಾತೀರ | ಭಾನುವಾರ, 5:40

ಕೆಳಗಿನ ಖಾನೆಗೆ ಅತ್ತೆ ಆಗಲೇ ಅವರ ಗೊಂಬೆ ಪೆಟ್ಟಿಗೆ ಇಟ್ಟು ಬೀಗ ಹಾಕಿಯಾಗಿದೆ. ಕೀಲಿ ಕೇಳಿ ನೋಡ್ತೀನಿ.